ಭಾರತ ರತ್ನಕ್ಕೆ ಅರ್ಜಿ ಎಲ್ಲಿ ಹಾಕೋದು?

ಜನವರಿ 25ರ ಸಂಜೆ ಆಯ್ತು ಅಂದ್ರೆ ಅಂಕೋಲಾ, ಹೊನ್ನಾವರ, ಶಿರಸಿ ಕಡೆ ವಾಟ್ಸಾಪ್ ಗ್ರೂಪುಗಳಲ್ಲಿ ಪದ್ಮ ಪ್ರಶಸ್ತಿ ಪಟ್ಟಿ ಓಡಾಡೋಕೆ ಶುರು, ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಯಾರಾದ್ರೂ ಇದಾರಾ ಅಂತ. 2012ರಲ್ಲಿ ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿದ್ರು, 2017ರಲ್ಲಿ ಜನಪದ ಹಾಡಿನ ಬಡಗೇರಿಯ ಸುಕ್ರಜ್ಜಿ (ಸುಕ್ರಿ ಬೊಮ್ಮಗೌಡ), ಆಮೇಲೆ ಗಿಡ ನೆಟ್ಟು ಬೆಳೆಸಿದ ಹೊನ್ನಳ್ಳಿ ತುಳಸಜ್ಜಿ (ತುಳಸಿ ಗೌಡ). ಅದರ ಬೆನ್ನಿಗೇ ಯಾರೋ ಒಬ್ರು ಭಾರತ ರತ್ನ ಯಾಕೆ ಕೊಡಲಿಲ್ಲ ಅಂತಾರೆ, ಮಾತು ನೇತಾಜಿ, ಸಚಿನ್, ಸಿದ್ಧಗಂಗಾ ಶ್ರೀಗಳ ತನಕ ಹೋಗಿ ಕೊನೆಗೆ ಪಾರ್ಟಿ ಜಗಳದಲ್ಲಿ ನಿಲ್ಲತ್ತೆ. ರೂಲ್ ಯಾವ್ದು, ರೂಢಿ ಯಾವ್ದು ಅನ್ನೋದೇ ಕಲಸಿಹೋಗಿದೆ.

ಭಾರತ ರತ್ನ ಶುರುವಾಗಿದ್ದು 1954ರ ಜನವರಿಯಲ್ಲಿ. ಮೊದಲ ವರ್ಷ ರಾಜಾಜಿ, ರಾಧಾಕೃಷ್ಣನ್, ಸಿ.ವಿ. ರಾಮನ್. ಮರುವರ್ಷ ನಮ್ಮ ವಿಶ್ವೇಶ್ವರಯ್ಯನವರು. ತೀರಿಹೋದವರಿಗೆ ಕೊಡೋಕೆ ಮೊದಲು ಅವಕಾಶ ಇರ್ಲಿಲ್ಲ, 1955ರಲ್ಲಿ ಅದನ್ನ ಸೇರಿಸಿದ್ರು, ಮೊದಲು ಬಳಸಿದ್ದು 1966ರಲ್ಲಿ ಶಾಸ್ತ್ರೀಜಿಗೆ. ಪ್ರಧಾನಿ ಕುರ್ಚಿಯಲ್ಲಿ ಕೂತಿದ್ದಾಗಲೇ ಪಡೆದವರೂ ಇದಾರೆ, 1955ರಲ್ಲಿ ನೆಹರು, 1971ರಲ್ಲಿ ಇಂದಿರಾ. 1977ರಲ್ಲಿ ಸರ್ಕಾರ ಬದಲಾಯ್ತು, ಈ ಪ್ರಶಸ್ತಿಗಳೇ ಬೇಡ ಅಂತ ನಿಲ್ಲಿಸಿದ್ರು, 1980ರಲ್ಲಿ ಮತ್ತೆ ಶುರು ಮಾಡಿದ್ರು. ನಿಲ್ಲಿಸಿದ ಸರ್ಕಾರದ ಪ್ರಧಾನಿ ಮೊರಾರ್ಜಿ ದೇಸಾಯಿಗೇ 1991ರಲ್ಲಿ ಭಾರತ ರತ್ನ ಬಂತು, ಇರ್ಲಿ.

ನಿಜವಾದ ಗೋಜಲು 1992ರದ್ದು. ಆ ಜನವರಿಯಲ್ಲಿ ಸುಭಾಷ್‌ಚಂದ್ರ ಬೋಸರಿಗೆ ಮರಣೋತ್ತರ ಭಾರತ ರತ್ನ ಅಂತ ರಾಷ್ಟ್ರಪತಿ ಭವನದಿಂದ ಪ್ರಕಟಣೆ ಹೊರಟಿತು. 'ಮರಣೋತ್ತರ' ಅಂದ್ರೆ ಅವರು ತೀರಿಹೋದ್ರು ಅಂತ ಸರ್ಕಾರವೇ ಒಪ್ಪಿದ ಹಾಗಾಯ್ತಲ್ಲ, ಹಾಗಾದ್ರೆ ಪುರಾವೆ ತೋರಿಸಿ ಅಂತ ಜನ ಕೋರ್ಟಿಗೆ ಹೋದ್ರು, ಮನೆಯವರೂ ಒಪ್ಪಲಿಲ್ಲ. ಪ್ರಶಸ್ತಿ ಕೊಡಲೂ ಇಲ್ಲ, ವಾಪಸ್ ತಗೊಂಡಿದೀವಿ ಅಂತ ಬಾಯಿಬಿಟ್ಟು ಹೇಳಲೂ ಇಲ್ಲ, ಕಡೆಗೆ 1997ರಲ್ಲಿ ಸುಪ್ರೀಂ ಕೋರ್ಟೇ ಆ ಪ್ರಕಟಣೆ ರದ್ದಾದ ಹಾಗೆ ಅಂತ ಹೇಳಿ ಮುಗಿಸ್ತು.

ಅದೇ ಹೊತ್ತಿಗೆ ಇನ್ನೊಂದು ಕೇಸು ನಡೀತಿತ್ತು, ನನ್ನ ಕೇಳಿದ್ರೆ ಇದೇ ಮುಖ್ಯ. ಸಂವಿಧಾನದ 18ನೇ ವಿಧಿ ಪ್ರಕಾರ ಸರ್ಕಾರ ಬಿರುದು ಕೊಡೋ ಹಾಗಿಲ್ಲ, ಸೈನ್ಯ ಮತ್ತು ವಿದ್ಯೆಗೆ ಸಂಬಂಧಿಸಿದ್ದು ಬಿಟ್ಟು. ಬ್ರಿಟಿಷರು ಕೊಡ್ತಿದ್ದ ರಾವ್ ಬಹದ್ದೂರ್ ಬಿರುದಿನ ಕಾಲ ಮುಗೀತಲ್ಲ, ಮತ್ತೆ ಇದೇನು ಅಂತ ಕೇರಳ ಮತ್ತು ಮಧ್ಯಪ್ರದೇಶದ ಹೈಕೋರ್ಟುಗಳಲ್ಲಿ ಅರ್ಜಿ ಬಿದ್ದು, ಕೆಲವು ವರ್ಷ ಎಲ್ಲಾ ಪ್ರಶಸ್ತಿ ನಿಂತೇಹೋದ್ವು. 1995ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟು, ಇವು ಬಿರುದಲ್ಲ, ಗೌರವ ಅಷ್ಟೇ, ಕೊಡಬಹುದು ಅಂತು. ಆದ್ರೆ ಒಂದು ಷರತ್ತು: ಹೆಸರಿನ ಹಿಂದೆ ಮುಂದೆ ಎಲ್ಲೂ ಹಚ್ಕೊಳ್ಳೋ ಹಾಗಿಲ್ಲ, ಹಚ್ಕೊಂಡ್ರೆ ಪ್ರಶಸ್ತಿಯೇ ವಾಪಸ್. ನಮ್ಮ ಕಡೆ ಯಕ್ಷಗಾನದ ಆಟದ ಹ್ಯಾಂಡ್‌ಬಿಲ್ ನೋಡಿ, ಸನ್ಮಾನದ ಕರೆಯೋಲೆ ನೋಡಿ, ಕಲಾವಿದನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ 'ಪದ್ಮಶ್ರೀ' ಇರತ್ತೆ. ಪಾಪ, ಅದು ಅವರು ಹಚ್ಕೊಂಡಿದ್ದಲ್ಲ, ನಾವು ಪ್ರೀತಿಗೆ ಹಚ್ಚಿದ್ದು. ಆಯ್ಕೆಗೆ ಉನ್ನತ ಮಟ್ಟದ ಸಮಿತಿ ಇರಲಿ ಅಂತಲೂ ಕೋರ್ಟು ಸಲಹೆ ಕೊಟ್ಟಿತ್ತು, ಭಾರತ ರತ್ನದ ಮಟ್ಟಿಗೆ ಅದು ಈಡೇರಿದ್ದು ಕಾಣಲ್ಲ.

ಅಲ್ಲಿಂದ ಈಚೆಗೆ ಭೀಮಸೇನ ಜೋಶಿಯವರಿಗೆ ಬಂತು, 2011ರಲ್ಲಿ ಯಾವ ಕ್ಷೇತ್ರದವರಿಗಾದ್ರೂ ಕೊಡಬಹುದು ಅಂತ ನಿಯಮ ಸಡಿಲ ಆಗಿ ಸಚಿನ್‌ಗೆ ಬಂತು, ಜೊತೆಗೇ ಸಿ.ಎನ್.ಆರ್. ರಾವ್ ಅವರಿಗೂ. ವರ್ಷಕ್ಕೆ ಮೂರು ಅನ್ನೋದು ಮಿತಿ, ಆದ್ರೆ 1999ರಲ್ಲಿ ನಾಲ್ಕು, 2024ರಲ್ಲಿ ಚುನಾವಣೆ ಹೊಸ್ತಿಲಲ್ಲಿ ಐದು, ಐದರಲ್ಲಿ ನಾಲ್ವರು ಆಗಲೇ ಇರ್ಲಿಲ್ಲ. ಅಂಬೇಡ್ಕರರಿಗೆ ಬಂದಿದ್ದು 1990ರಲ್ಲಿ, ಪಟೇಲರಿಗೆ 1991ರಲ್ಲಿ, ಅಷ್ಟು ವರ್ಷ ಯಾಕೆ ಕಾಯಿಸಿದ್ರು ಅಂತ ಯಾವ ಸರ್ಕಾರವೂ ಹೇಳಲ್ಲ. ಹೇಳಬೇಕು ಅಂತ ರೂಲೂ ಇಲ್ಲ, ಪ್ರಧಾನಿ ರಾಷ್ಟ್ರಪತಿಗೆ ಹೆಸರು ಶಿಫಾರಸು ಮಾಡ್ತಾರೆ, ಅಲ್ಲಿಗೆ ಮುಗೀತು. ಸಿಗೋದು ರಾಷ್ಟ್ರಪತಿ ಸಹಿಯ ಸನದು, ಅರಳಿ ಎಲೆ ಆಕಾರದ ಪದಕ, ದುಡ್ಡು ಒಂದು ಪೈಸೆ ಇಲ್ಲ. ಸಿದ್ಧಗಂಗಾ ಶ್ರೀಗಳಿಗೆ ಕೊಡಿ ಅಂತ ಕರ್ನಾಟಕದ ಎಲ್ಲಾ ಪಕ್ಷದವರೂ ಕೇಳಿದ್ರು. 2019ರ ಜನವರಿ 21ಕ್ಕೆ ಅವರು ಲಿಂಗೈಕ್ಯರಾದ್ರು, ನಾಲ್ಕೇ ದಿನಕ್ಕೆ ಪಟ್ಟಿ ಬಂತು, ಅದರಲ್ಲಿ ಅವರ ಹೆಸರಿರ್ಲಿಲ್ಲ.

ಪದ್ಮದ ಕಡೆ ಮಾತ್ರ ಬಾಗಿಲು ತೆಗೆದಿದೆ. ಹೆಸರು ಆನ್‌ಲೈನಲ್ಲಿ ಯಾರು ಬೇಕಾದ್ರೂ ಕಳಿಸಬಹುದು, ಬೇಕಾದ್ರೆ ಸ್ವಂತದ್ದೂ. ತುಳಸಜ್ಜಿ ತಮ್ಮ ಹಾಲಕ್ಕಿ ಸಮುದಾಯದ ಉಡುಪಲ್ಲಿ, ಕೊರಳ ತುಂಬ ಮಣಿಸರ ಹಾಕ್ಕೊಂಡು ಬರಿಗಾಲಲ್ಲಿ ರಾಷ್ಟ್ರಪತಿ ಮುಂದೆ ನಿಂತ ಫೋಟೋ ದೇಶ ಎಲ್ಲಾ ನೋಡ್ತಲ್ಲ, ಅದು ಈ ಕಡೆಯ ದಾರಿಯದ್ದು. ಈಗ ಇಬ್ರೂ ಅಜ್ಜಿಯಂದಿರಿಲ್ಲ, ತುಳಸಜ್ಜಿ 2024ರ ಡಿಸೆಂಬರಲ್ಲಿ, ಸುಕ್ರಜ್ಜಿ ಅದಾಗಿ ಎರಡು ತಿಂಗಳಿಗೆ ಹೋದ್ರು. ಪದ್ಮವನ್ನ ತೀರಿಹೋದವರಿಗೆ ಅಪರೂಪಕ್ಕೆ ಕೊಡೋದು, ಭಾರತ ರತ್ನಕ್ಕೆ ಅಂಥ ಅಡ್ಡಿ ಇಲ್ಲ, ಆದ್ರೆ ತುಂಬೋಕೆ ಫಾರಮ್ಮೂ ಇಲ್ಲ. ಹಾಗಾಗಿ ಸಹಿ ಸಂಗ್ರಹ ಮಾಡೋರು ಮಾಡ್ಲಿ, ಬದುಕಿರೋ ಯಾರದ್ದಾದ್ರೂ ಹೆಸರು ಮನಸ್ಸಲ್ಲಿದ್ರೆ ತಡ ಮಾಡ್ದೆ ಪದ್ಮ ಪೋರ್ಟಲ್ಲಿಗೆ ಹಾಕಿ, ಅವರ ಕೆಲಸದ ಬಗ್ಗೆ 800 ಶಬ್ದ ಮೀರದ ಹಾಗೆ ಬರೀಬೇಕು, ಕೊನೆ ತಾರೀಖು ವರ್ಷ ವರ್ಷ ಬದಲಾಗತ್ತೆ, ನೋಡ್ಕೊಳ್ಳಿ.