ಎಳೆದಷ್ಟೂ ಓಡುವ ಕುದುರೆ

ಹೋದ ಮಳೆಗಾಲದಲ್ಲಿ ಒಬ್ಬರು ಫೋನ್ ಮಾಡಿದ್ದರು. ರೇಸ್ ಬಿಟ್ಟ ಕುದುರೆಯೊಂದನ್ನು ಕೊಂಡು ಹದಿನೈದು ದಿನ ಆಗಿತ್ತಂತೆ. "ಮೇಡಂ, ಇವನಿಗೆ ಬ್ರೇಕೇ ಇಲ್ಲ. ಲಗಾಮು ಎಳೆದಷ್ಟೂ ಜಾಸ್ತಿ ಓಡ್ತಾನೆ. ಬಾಯಿಗೆ ಇನ್ನೂ ಗಡಸು ಕಡಿವಾಣ ಹಾಕ್ಲಾ?"

ಬೇಡವೇ ಬೇಡ ಅಂದೆ. ಪಾಪ, ಅವನು ಕಲಿತ ಪಾಠವನ್ನೇ ಒಪ್ಪಿಸುತ್ತಿದ್ದಾನೆ. ರೇಸ್ ಕುದುರೆಗೆ ಎರಡು ವರ್ಷ ತುಂಬುವ ಹೊತ್ತಿಗೆಲ್ಲ ಓಟದ ತರಬೇತಿ ಶುರುವಾಗಿರುತ್ತದೆ. ಜಾಕಿ ಕಾಲಿಡುವ ರಿಕಾಪಿನ ಮೇಲೆ ನಿಂತು ಲಗಾಮನ್ನು ಬಿಗಿಯಾಗಿ ಹಿಡಿಯುತ್ತಾನೆ. ಕುದುರೆ ಆ ಬಿಗಿಗೆ ಬಾಯಿ ಒರಗಿಸಿಕೊಂಡೇ ವೇಗ ಹಿಡಿಯುತ್ತದೆ. ವರ್ಷಗಟ್ಟಲೆ ಹೀಗೆ ಓಡಿದವನಿಗೆ ಲಗಾಮು ಬಿಗಿಯಾಯಿತು ಅಂದರೆ "ಹೊರಡು" ಅಂತಲೇ ಅರ್ಥ. ಹತ್ತುವಾಗಲೂ ಅಷ್ಟೇ. ರೇಸಿನಲ್ಲಿ ಜಾಕಿಯ ಮೊಣಕಾಲು ಹಿಡಿದು ಎತ್ತಿ ಕೂರಿಸುತ್ತಾರೆ, ಎಷ್ಟೋ ಸಲ ಕುದುರೆ ನಡೆಯುತ್ತಿರುವಾಗಲೇ. ನಾವು ರಿಕಾಪಿಗೆ ಕಾಲಿಟ್ಟು "ನಿಲ್ಲೋ" ಅಂತ ಕೂಗಿದರೆ ಅವನಿಗೇನು ತಿಳಿಯಬೇಕು?

ಮೈಸೂರಿನ ಹೊರಗೆ ಸವಾರಿ ಕಲಿಸುವುದು ನನ್ನ ಕೆಲಸ. ನನ್ನವೇ ಮೂರು ಕುದುರೆಗಳಿವೆ, ಎರಡು ರೇಸಿನಿಂದ ಬಂದವು. ಬೆಂಗಳೂರು, ಮೈಸೂರು ಎರಡೂ ಕಡೆ ರೇಸ್ ಕೋರ್ಸ್ ಇದೆ. ಟಿಪ್ಪುವಿನ ಕಾಲದ ಕುದುರೆ ಫಾರ್ಮ್ ಇರುವ ಕುಣಿಗಲ್ಲೂ ದೂರವಿಲ್ಲ. ಹಾಗಾಗಿ ನಮ್ಮ ಕಡೆ ಸ್ವಂತ ಕುದುರೆ ಅಂದರೆ ಹೆಚ್ಚಾಗಿ ರೇಸಿಗೆಂದೇ ಬೆಳೆಸುವ ತಳಿ, ಥರೋಬ್ರೆಡ್ಡೇ. ಕೊಳ್ಳುವಾಗ ಹಣೆಯ ಸುಳಿ, ಕತ್ತಿನ ಸುಳಿ ಅಂತ ಗಂಟೆಗಟ್ಟಲೆ ನೋಡುತ್ತಾರೆ. ಬಾಯಿ ತೆಗೆಸಿ ಹಲ್ಲು ನೋಡುವವರು ಕಡಿಮೆ. ಕುದುರೆಯ ಹಲ್ಲು ಸವೆದಂತೆಲ್ಲ ಒಸಡಿನಿಂದ ಮೇಲೆ ಬರುತ್ತಲೇ ಇರುತ್ತದೆ. ಒಂದೇ ಸಮ ಸವೆಯದಿದ್ದರೆ ದವಡೆ ಹಲ್ಲಿನ ಅಂಚು ಚಾಕುವಿನಂತೆ ಹರಿತವಾಗಿ ಕೆನ್ನೆ, ನಾಲಿಗೆಯನ್ನು ಕೊಯ್ಯುತ್ತದೆ. ಅಂಥ ಬಾಯಿಗೆ ಗಡಸು ಕಡಿವಾಣ ಹಾಕಿ ಎಳೆದರೆ ಅದು ನೋವಿನಿಂದ ಓಡುತ್ತದೆ, ಪೊಗರಿನಿಂದಲ್ಲ. ಅದಕ್ಕೇ ಯಾವ ತರಬೇತಿಗೂ ಮುಂಚೆ ಪಶುವೈದ್ಯರ ಹತ್ತಿರ ಹಲ್ಲು, ಬೆನ್ನು ತೋರಿಸಿ ಅನ್ನುತ್ತೇನೆ. ಜೀನು ಬೆನ್ನಿಗೆ ಸರಿಯಾಗಿ ಕೂರುತ್ತದಾ ಅಂತಲೂ ನೋಡಬೇಕು.

ಆಮೇಲೆ ಮೇವು. ಕೆಲಸವೇ ಇಲ್ಲದ ಕುದುರೆಗೆ ಪ್ರೀತಿಯಿಂದ ಬಕೆಟ್‌ಗಟ್ಟಲೆ ಓಟ್ಸ್, ಬೇಯಿಸಿದ ಹುರುಳಿ ಹಾಕುತ್ತಾರೆ. ದಿನವಿಡೀ ಲಾಯದಲ್ಲಿ ಕಟ್ಟಿಹಾಕಿ, ಭಾನುವಾರ ಹತ್ತಿ ಕೂರುತ್ತಾರೆ. ಹಾರದೆ ಇನ್ನೇನು ಮಾಡೀತು? ಹುರುಳಿಗೆ ಇಂಗ್ಲಿಷಿನವರು ಕುದುರೆಯ ಹೆಸರನ್ನೇ ಇಟ್ಟಿದ್ದಾರೆ, ನಿಜ. ಆದರೆ ಕುದುರೆಯ ಹೊಟ್ಟೆ ಮಾಡಿರುವುದು ಹುಲ್ಲಿಗೆ. 450 ಕೆ.ಜಿ. ತೂಕದ ಕುದುರೆಗೆ ದಿನಕ್ಕೆ ಏಳರಿಂದ ಒಂಬತ್ತು ಕೆ.ಜಿ. ಒಣಹುಲ್ಲು ಬೇಕು, ಅದೂ ಸ್ವಲ್ಪ ಸ್ವಲ್ಪವಾಗಿ ದಿನವಿಡೀ. ಕಾಳು ಅದರ ಮೇಲಿನ ಉಪ್ಪಿನಕಾಯಿ ಅಂದುಕೊಳ್ಳಿ.

ಇನ್ನು ಲಗಾಮಿನ ವಿಷಯ. ನಾನು ಕಲಿಯುವಾಗ ನಮ್ಮ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಒಬ್ಬ ವಯಸ್ಸಾದ ಸೈಸ್ ಇದ್ದರು. ನಾನು ಬೆವರು ಸುರಿಸಿಕೊಂಡು ಎಳೆಯುವುದನ್ನು ಬೇಲಿಗೆ ಒರಗಿ ನೋಡುತ್ತಿದ್ದರು. ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಕೈ ಬಿಡವ್ವಾ." ನನಗೆ ಸಿಟ್ಟು ಬರುತ್ತಿತ್ತು. ಬಿಟ್ಟರೆ ಓಡಿಹೋಗುತ್ತದಲ್ಲ! ಅವರ ಮಾತು ಅರ್ಥವಾಗಲು ಎರಡು ವರ್ಷ ಹಿಡಿಯಿತು. ಎಳೆತ ಕುದುರೆಗೆ ಕೇಳುವ ಪ್ರಶ್ನೆ. "ಹೌದು, ಇದೇ ಸರಿ" ಅನ್ನುವ ಉತ್ತರ ಅದಕ್ಕೆ ಸಿಗುವುದು ನಾವು ಕೈ ಸಡಿಲಿಸಿದ ಕ್ಷಣದಲ್ಲಿ. ಸಡಿಲಿಸುವುದು ಎರಡು ಮೂರು ಸೆಕೆಂಡ್ ತಡವಾದರೆ ಅಷ್ಟರಲ್ಲಿ ಅದು ತಲೆ ಎತ್ತಿರುತ್ತದೆ. ಆಗ ತಲೆ ಎತ್ತಿದ್ದೇ ಸರಿ ಅಂತ ಕಲಿಯುತ್ತದೆ.

ಮಾಡುವುದು ಹೀಗೆ. ಬೇಲಿ ಹಾಕಿದ ಜಾಗದಲ್ಲಿ, ಬರೀ ನಡಿಗೆಯಲ್ಲಿ. ಮೊದಲು ಉಸಿರು ಬಿಟ್ಟು ಜೀನಿನಲ್ಲಿ ಭಾರವಾಗಿ ಕೂರಿ. ಆಮೇಲೆ ಬೆರಳು ಮುಚ್ಚಿ, ಒದ್ದೆ ಸ್ಪಂಜು ಹಿಂಡಿದ ಹಾಗೆ. ಮೊಣಕೈ ಹಿಂದಕ್ಕೆ ಹೋಗಬಾರದು. ಕುದುರೆ ನಿಲ್ಲುವ ತನಕ ಕಾಯಬೇಡಿ. ಹೆಜ್ಜೆ ಸ್ವಲ್ಪ ತಡವರಿಸುತ್ತದೆ, ಒಂದು ಕಿವಿ ನಿಮ್ಮ ಕಡೆ ತಿರುಗುತ್ತದೆ. ಅಷ್ಟೇ ಸಾಕು, ಬೆರಳು ಬಿಚ್ಚಿ. ಮತ್ತೆ ನಡೆಸಿ, ಮತ್ತೆ ಕೇಳಿ. ಏಳೆಂಟು ಸಲಕ್ಕೆ ತಡವರಿಸುವುದು ಅರ್ಧ ಹೆಜ್ಜೆಯಾಗುತ್ತದೆ, ಒಂದು ವಾರಕ್ಕೆ ನಿಲ್ಲುವುದಾಗುತ್ತದೆ. ಕೆಲವು ಕುದುರೆಗೆ ಒಂದು ತಿಂಗಳೂ ಬೇಕು. ನಡಿಗೆಯಲ್ಲಿ ನಿಲ್ಲದವನನ್ನು ಟ್ರಾಟ್, ಕ್ಯಾಂಟರ್ ಅನ್ನುವ ಓಟಗಳಿಗೆ ಬಿಡಲೇಬೇಡಿ.

ಒಂದೇ ಕಡೆಯ ಲಗಾಮಿನಿಂದ ಕತ್ತು ಬಗ್ಗಿಸಿ ನಿಲ್ಲಿಸುವುದನ್ನೂ ಕಲಿಸಬೇಕು. ನಿಂತಲ್ಲೇ ಶುರು ಮಾಡಿ. ಮೂತಿ ನಿಮ್ಮ ಮೊಣಕಾಲಿನ ಕಡೆ ಬರಲಿ, ಬಾಯಿ ಮೆತ್ತಗಾದ ತಕ್ಷಣ ಬಿಡಿ. ಎರಡೂ ಕಡೆಗೆ ಮಾಡಿಸಿ. ಇದನ್ನು ವೀಡಿಯೋದಲ್ಲಿ ನೋಡಿಕೊಂಡು ನಾಗಾಲೋಟದಲ್ಲಿ ಹೋಗುವ ಕುದುರೆಯ ಕತ್ತನ್ನು ಥಟ್ಟನೆ ಎಳೆದವರಿದ್ದಾರೆ. ಕಾಲು ತೊಡರಿ ಕುದುರೆ, ಸವಾರ ಇಬ್ಬರೂ ಉರುಳುತ್ತಾರೆ. ಹುಷಾರು.

ಇದೇ ಲೆಕ್ಕ ಭಯಕ್ಕೂ. ನನ್ನ ಕಂದು ಹೆಣ್ಣು ಕುದುರೆಗೆ ರಸ್ತೆ ತಿರುವಿನ ಕಬ್ಬಿನ ಹಾಲಿನ ಅಂಗಡಿಯ ನೀಲಿ ಟಾರ್ಪಾಲು ಅಂದರೆ ಯಮ. ಗಾಳಿಗೆ ಪಟಪಟ ಅಂದರೆ ಸಾಕು, ಅಡ್ಡಕ್ಕೆ ಹಾರುತ್ತಿದ್ದಳು. ಒಂದು ತುಂಡು ಟಾರ್ಪಾಲು ತಂದು ಬೇಲಿಗೆ ಕಟ್ಟಿದೆ. ಅವಳನ್ನು ಹಗ್ಗದಲ್ಲಿ ಹಿಡಿದು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತೆ. ಮೂಗಿನ ಹೊಳ್ಳೆ ಅಗಲ, ಕತ್ತು ಕಂಬ. ಸುಮ್ನೆ ನಿಂತೆವು. ಸ್ವಲ್ಪ ಹೊತ್ತಿಗೆ ಕತ್ತು ಒಂದು ಗೇಣು ಇಳಿಯಿತು, ಉದ್ದಕ್ಕೆ ಉಸಿರು ಬಿಟ್ಟಳು. ಆಗ ತಿರುಗಿಸಿ ಅಲ್ಲಿಂದ ದೂರ ಕರೆದುಕೊಂಡು ಹೋದೆ. ಹಾರಿದಾಗ ದೂರ ಕರೆದೊಯ್ದಿದ್ದರೆ ಹಾರುವುದನ್ನೇ ಕಲಿಯುತ್ತಿದ್ದಳು. ನಾಲ್ಕನೇ ದಿನ ಟಾರ್ಪಾಲನ್ನು ಮೂಸಿ, ಅಂಚನ್ನು ಕಚ್ಚಿ ಎಳೆದಳು. ಬಲಗಣ್ಣಿನ ಕಡೆಯಿಂದ ನಡೆಸಿದರೆ ಮತ್ತೆ ಬೆದರಿದಳು, ಅದು ಬೇರೆಯದೇ ಟಾರ್ಪಾಲು ಅನ್ನೋ ಹಾಗೆ! ಆ ಕಡೆಯಿಂದಲೂ ಮೊದಲಿನಿಂದ ಮಾಡಿಸಬೇಕಾಯಿತು.

ದಸರೆಗೆ ಮುಂಚೆ ನಮ್ಮೂರಲ್ಲಿ ಕುಶಾಲತೋಪಿನ ತಾಲೀಮು ನೋಡಿದ್ದೀರಲ್ವಾ? ಆನೆಗಳ ಜೊತೆ ಅಶ್ವದಳದ ಕುದುರೆಗಳನ್ನೂ ನಿಲ್ಲಿಸಿ ಫಿರಂಗಿ ಹಾರಿಸುತ್ತಾರೆ. ಒಂದೇ ದಿನಕ್ಕೆ ಮುಗಿಸುವುದಿಲ್ಲ, ಬೇರೆ ಬೇರೆ ದಿನ ಮತ್ತೆ ಮತ್ತೆ ಮಾಡುತ್ತಾರೆ. ಮನೆಯ ಕುದುರೆಗೆ ಮಾತ್ರ ಒಂದೇ ಭಾನುವಾರದಲ್ಲಿ ಎಲ್ಲ ಬರಬೇಕು ಅಂತ ನಮಗೆ ಆಸೆ.

ಗೊತ್ತಿಲ್ಲದೆ ಕಲಿಸುವುದೂ ಇದೆ. ಮೇವಿನ ಹೊತ್ತಿಗೆ ಕುದುರೆ ಬಾಗಿಲು ಒದೆಯುತ್ತದೆ. ಸೈಸ್ ಗಾಬರಿಯಾಗಿ ಮೊದಲು ಅದಕ್ಕೇ ಬಕೆಟ್ ತರುತ್ತಾನೆ. ಮಾರನೇ ದಿನ ಅದು ಹತ್ತು ನಿಮಿಷ ಮುಂಚೆಯೇ ಒದೆಯಲು ಶುರು ಮಾಡುತ್ತದೆ. ನಮ್ಮ ಲಾಯದಲ್ಲಿ ಈಗ ಒದೆಯುವವನಿಗೆ ಕೊನೆಯ ಬಕೆಟ್. ಅದೂ ನಾಲ್ಕು ಕಾಲು ನೆಲದ ಮೇಲಿದ್ದಾಗ ಮಾತ್ರ.

ಫೋನ್ ಮಾಡಿದವರಿಗೂ ಇಷ್ಟನ್ನೇ ಹೇಳಿದೆ. ಮೊದಲ ವಾರ ಹತ್ತಲೇಬೇಡಿ, ಜೀನಿನ ಪಕ್ಕ ನಿಂತು ರಿಕಾಪು ಮುಟ್ಟಿ, ಅವನು ಅಲುಗದೆ ನಿಂತರೆ ಬೆನ್ನು ತಟ್ಟಿ ಈಚೆ ಬನ್ನಿ ಅಂದೆ. ಪಶುವೈದ್ಯರಿಗೆ ಕುದುರೆಯ ಹಲ್ಲು ತೋರಿಸಿದರು. ಎರಡು ಕಡೆ ಕೆನ್ನೆ ಹುಣ್ಣಾಗಿತ್ತಂತೆ. ಅದು ವಾಸಿಯಾದ ಮೇಲೆ ಸಾದಾ ಕಡಿವಾಣಕ್ಕೆ ಬಂದರು. ಎರಡು ತಿಂಗಳ ನಂತರ ಮತ್ತೆ ಫೋನ್.

"ಮೇಡಂ, ಈಗ ಚೆನ್ನಾಗಿ ನಿಲ್ತಾನೆ. ಆದ್ರೆ ಹೊರಡೋದೇ ಇಲ್ಲ. ಹಿಮ್ಮಡಿಯಿಂದ ಒತ್ತಿ ಒತ್ತಿ ನನ್ನ ಕಾಲೇ ಬಿದ್ದೋಯ್ತು."

"ಹೆಜ್ಜೆ ಇಟ್ಟ ಮೇಲೆ ಒತ್ತೋದು ಬಿಡ್ತೀರಾ?" ಅಂತ ಕೇಳಿದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.