ತೀರಿತು ಅಂದಮೇಲೆ ತೀರಿತು

"ಪಾಸ್ಟರ್, ಈ ಸಲ ನಲವತ್ತು ದಿನವೂ ಒಪ್ಪೊತ್ತು ಮಾಡ್ತೀನಿ. ಆಗಲಾದರೂ ದೇವರು ನನ್ನ ಕ್ಷಮಿಸ್ತಾನಾ?"

ಲೆಂಟ್, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸಕಾಲ, ಶುರುವಾಯಿತು ಅಂದರೆ ಈ ಪ್ರಶ್ನೆ ನಮ್ಮ ಮನೆ ಬಾಗಿಲಿಗೆ ಬರುತ್ತದೆ. ಸಭಾಪಾಲಕನಾಗಿ 23 ವರ್ಷವಾಯಿತು. ತುಮಕೂರು, ಹಾಸನ, ಮೈಸೂರು ಎಂದು ವರ್ಗವಾಗುತ್ತಾ ಬಂದೆ. ಊರು ಬದಲಾದವು, ಪ್ರಶ್ನೆ ಬದಲಾಗಲಿಲ್ಲ. ಕೇಳುವವರು ಹೊಸಬರಲ್ಲ, ಸಂಡೇ ಸ್ಕೂಲಿನಿಂದಲೂ ಬಂದವರು. ಶುಭ ಶುಕ್ರವಾರ (ಗುಡ್ ಫ್ರೈಡೇ) ಮಧ್ಯಾಹ್ನ 12ರಿಂದ 3ರವರೆಗೆ ಕದಲದೆ ಕೂತು, ಯೇಸುಸ್ವಾಮಿ ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಕೇಳಿದವರು. ಆರನೆಯ ಮಾತನ್ನೂ ಕೇಳಿದವರು. ಕೇಳಿಸಿಕೊಂಡು ಮನೆಗೆ ಹೋಗಿ ಪಾಪದ ಸಾಲಕ್ಕೆ ಮತ್ತೆ ಕಂತು ಕಟ್ಟಲು ಶುರು ಮಾಡುತ್ತಾರೆ. ನನಗೆ ಸಂಕಟವಾಗುತ್ತದೆ. ಕೆಲವು ಸಲ ಸಿಟ್ಟೂ ಬರುತ್ತದೆ.

ಆ ಆರನೆಯ ಮಾತು "ತೀರಿತು". ಯೋಹಾನ 19:30. ನಮ್ಮ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲಿನಲ್ಲಿ, ಇರುವುದು ಅದೊಂದೇ ಪದ. ಕನ್ನಡದಲ್ಲಿ ಆಯಸ್ಸೂ ತೀರುತ್ತದೆ, ಕೆಲಸವೂ ತೀರುತ್ತದೆ, ಸಾಲವೂ ತೀರುತ್ತದೆ. ನಮ್ಮ ಜನ ಮೊದಲನೆಯ ಅರ್ಥವನ್ನಷ್ಟೇ ಹಿಡಿದುಕೊಳ್ಳುತ್ತಾರೆ. ಜೀವ ಹೋಗುವ ಹೊತ್ತಿಗೆ ಯೇಸುಸ್ವಾಮಿ "ಎಲ್ಲಾ ಮುಗಿದುಹೋಯಿತು" ಅಂದರು, ಅಷ್ಟೇ ಅಂದುಕೊಳ್ಳುತ್ತಾರೆ. ಮೂಲ ಗ್ರೀಕಿನಲ್ಲಿ ಅದು "ತೆತೆಲೆಸ್ತಾಯ್". ಹಿಡಿದ ಕೆಲಸ ಪೂರ್ತಿಯಾಗಿದೆ, ಪೂರ್ತಿಯಾಗಿಯೇ ಉಳಿದಿದೆ ಎನ್ನುವ ರೂಪ. ಇದೇ ಧಾತು ಮತ್ತಾಯ 17:24ರಲ್ಲಿ ದೇವಾಲಯದ ತೆರಿಗೆ ಕಟ್ಟುವ ಮಾತಿಗೆ ಬಂದಿದೆ. ರೋಮಾಪುರದವರಿಗೆ ಬರೆದ ಪತ್ರದ 13:6ರಲ್ಲೂ ಕಂದಾಯ ಕಟ್ಟುವುದಕ್ಕೆ ಇದೇ ಪದ. ಆ ಕಾಲದಲ್ಲಿ ಬಾಕಿ ತೀರಿದ ರಶೀದಿಯ ಮೇಲೆ "ತೆತೆಲೆಸ್ತಾಯ್" ಎಂದು ಬರೆಯುತ್ತಿದ್ದರು ಎಂದು ಬೋಧಕರು ಹೇಳುವುದುಂಟು. ಆಧಾರ ಗಟ್ಟಿಯಾಗಿಲ್ಲ ಎನ್ನುವ ವಿದ್ವಾಂಸರಿದ್ದಾರೆ. ಹಾಗಾಗಿ ನಾನು ಅದನ್ನು ಹೇಳುವುದು ಬಿಟ್ಟಿದ್ದೇನೆ. ಅದರ ಅಗತ್ಯವೂ ಇಲ್ಲ, ಕೊಲೊಸ್ಸೆ 2:14 ಇದೆಯಲ್ಲ. ಅಲ್ಲಿ ಅಪೊಸ್ತಲ ಪೌಲನು ಬಳಸಿದ ಪದಕ್ಕೆ ಸಾಲಗಾರ ತನ್ನ ಕೈಯಾರೆ ಬರೆದುಕೊಟ್ಟ ಪತ್ರ ಎಂದರ್ಥ, ನಮ್ಮ ಪ್ರೋನೋಟಿನ ಹಾಗೆ. ಆ ಪತ್ರವನ್ನು ದೇವರು ಶಿಲುಬೆಗೆ ಜಡಿದು ಇಲ್ಲದಂತೆ ಮಾಡಿದನು ಎನ್ನುತ್ತಾನೆ.

"ದೇವರು ಸರ್ವಶಕ್ತ ಅಲ್ವಾ? ಸುಮ್ನೆ ಕ್ಷಮಿಸಿಬಿಡಬಹುದಿತ್ತು, ಶಿಲುಬೆ ಯಾಕೆ ಬೇಕಿತ್ತು?" ಕಾಲೇಜು ಹುಡುಗರು ಹೀಗೆ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅವರಿಗೆ ನಾನು ನಮ್ಮ ಬೀದಿಯ ದಿನಸಿ ಅಂಗಡಿಯ ಕಥೆ ಹೇಳುತ್ತೇನೆ.

ಅಂಗಡಿಯಲ್ಲಿ ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ಲೆಕ್ಕದ ಪುಸ್ತಕ ಇತ್ತು. ಮನೆಗೊಂದು ಪುಟ. ಅಪ್ಪ ಆಸ್ಪತ್ರೆ ಸೇರಿದ ವರ್ಷ ನಮ್ಮ ಪುಟ ತುಂಬಿ, ಲೆಕ್ಕ ಹಿಂಬದಿಗೂ ಹೋಗಿತ್ತು. ಅಕ್ಕಿ, ಬೇಳೆ, ಎಣ್ಣೆ, ಮತ್ತೆ ಅಕ್ಕಿ. ಇನ್ನೊಂದು ತಿಂಗಳು ಟೈಮ್ ಕೇಳೋಣ ಎಂದು ಅಮ್ಮ ನನ್ನ ಕೈ ಹಿಡಿದುಕೊಂಡು ಹೋದಳು. ಯಜಮಾನರು ಏನೂ ಮಾತಾಡಲಿಲ್ಲ. ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು ಪುಟಕ್ಕೆ ಅಡ್ಡಲಾಗಿ ಗೆರೆ ಎಳೆದರು. ತಿರುವಿ ಹಾಕಿ ಹಿಂಬದಿಗೂ ಎಳೆದರು. ಕೆಳಗೆ "ಚುಕ್ತಾ" ಎಂದು ಬರೆದು, ನನ್ನ ಕೈಗೊಂದು ಬೆಲ್ಲದ ಚೂರು ಇಟ್ಟರು. ದಾರಿಯುದ್ದಕ್ಕೂ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ಬೆಲ್ಲದ ಮೇಲೆಯೇ ಗಮನ.

ಆ ದುಡ್ಡು ಎಲ್ಲಿ ಹೋಯಿತು? ಅದನ್ನು ಯೋಚಿಸಿದ್ದು ದೊಡ್ಡವನಾದ ಮೇಲೆ. ನಾವು ತಿಂದ ಅಕ್ಕಿಗೆ ಅವರು ಮಂಡಿಯಲ್ಲಿ ದುಡ್ಡು ಎಣಿಸಿದ್ದರು. ಗೆರೆ ಎಳೆದ ತಕ್ಷಣ ನಮ್ಮ ಸಾಲ ಗಾಳಿಯಲ್ಲಿ ಮಾಯವಾಗಲಿಲ್ಲ, ಅವರ ತಲೆ ಮೇಲೆ ಬಿತ್ತು. ರೈತರ ಸಾಲಮನ್ನಾ ಆದಾಗಲೂ ಹೀಗೇ. ರೈತ ಕಟ್ಟುವುದಿಲ್ಲ, ಅವನ ಬದಲು ಸರ್ಕಾರ ಬ್ಯಾಂಕಿಗೆ ಕಟ್ಟುತ್ತದೆ. ಮನ್ನಾ ಅಂದರೆ ಸಾಲಗಾರ ಕಟ್ಟಲಿಲ್ಲ ಅಂತ ಅರ್ಥ, ಯಾರೂ ಕಟ್ಟಲಿಲ್ಲ ಅಂತಲ್ಲ. ಗಂಡ ಹೆಂಡತಿಯ ನಡುವೆ, ಅಣ್ಣ ತಮ್ಮಂದಿರ ನಡುವೆ ನೋಡಿ. ನಿಜವಾಗಿ ಕ್ಷಮಿಸಿದವರು ಆ ನೋವನ್ನು ತಾವೇ ನುಂಗಿಕೊಂಡಿರುತ್ತಾರೆ. ಸುಮ್ನೆ ಆಗುವ ಕ್ಷಮೆ ಅಂತ ಒಂದಿಲ್ಲ.

ಶಿಲುಬೆ ಅಂದರೆ ದೇವರು ಆ ನಷ್ಟ ಹೊತ್ತ ಜಾಗ. ಇದನ್ನು ಎಷ್ಟು ಸಲ ಹೇಳಿದರೂ ಜನರ ಮನಸ್ಸಿನಲ್ಲಿ ಇನ್ನೊಂದು ಚಿತ್ರ ಕೂತಿರುತ್ತದೆ. ಮೇಲೆ ಕೋಪಗೊಂಡ ತಂದೆ, ನಡುವೆ ಅಡ್ಡ ಬಂದು ಏಟು ತಿಂದ ಮಗ. ದಯವಿಟ್ಟು ಈ ಚಿತ್ರ ಬಿಡಿ. ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಂಡನು ಎಂದು 2 ಕೊರಿಂಥ 5:19 ಹೇಳುತ್ತದೆ. ಯಜಮಾನರು ನಮ್ಮ ಲೆಕ್ಕವನ್ನು ಪಕ್ಕದ ಮನೆಯವರ ಪುಟಕ್ಕೆ ದಾಟಿಸಲಿಲ್ಲ. ಗೆರೆ ಎಳೆದವರೂ ಅವರೇ, ನಷ್ಟ ಹೊತ್ತವರೂ ಅವರೇ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಸಾಲ ಎನ್ನುವುದು ಹಲವು ಚಿತ್ರಗಳಲ್ಲಿ ಒಂದು. ಬಲಿಪೀಠ, ನ್ಯಾಯಸ್ಥಾನ, ಗುಲಾಮರ ಬಿಡುಗಡೆ, ಸಾವಿನ ಮೇಲಿನ ಗೆಲುವು, ಇವೆಲ್ಲ ಬೈಬಲಿನಲ್ಲಿವೆ. ನಮ್ಮ ನಂಬಿಕೆಯ ಸಾರವಾಗಿ ನಾವು ಹೇಳುವ ನಿಕೇಯ ವಿಶ್ವಾಸಪ್ರಮಾಣವೂ "ನಮಗೋಸ್ಕರ" ಎನ್ನುತ್ತದೆಯೇ ಹೊರತು ಹೇಗೆ ಎಂದು ಬಿಡಿಸಿ ಹೇಳುವುದಿಲ್ಲ. ಯಾವ ಚಿತ್ರವನ್ನೂ ಕೊನೆಯವರೆಗೆ ಎಳೆಯಬಾರದು. ಆದರೆ ನನ್ನ ಹತ್ತಿರ ಬರುವವರಿಗೆ ಸಾಲದ ಚಿತ್ರವೇ ಬೇಗ ತಾಗುತ್ತದೆ. ಸಂಘದ ಸಾಲ, ಚೀಟಿ, ಅಡವಿಟ್ಟ ಒಡವೆ, ಇದರಲ್ಲೇ ಬದುಕು ನಡೆಸುವವರು ಅವರು.

ಯೇಸುಸ್ವಾಮಿಯೂ ಸಾಲದ ಕಥೆ ಹೇಳಿದ್ದಾರೆ, ಮತ್ತಾಯ 18ರಲ್ಲಿ. ಒಬ್ಬ ಆಳು ಅರಸನಿಗೆ 10,000 ತಲಾಂತು ಕೊಡಬೇಕಿತ್ತು. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ, ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಲೆಕ್ಕ ಹಾಕಿ, 6 ಕೋಟಿ ದಿನದ ಕೂಲಿ ಆಯಿತು. ವರ್ಷಕ್ಕೆ 300 ದಿನ ದುಡಿದರೆ ಎರಡು ಲಕ್ಷ ವರ್ಷ ಬೇಕು. ಅಷ್ಟು ಸಾಲ ಇಟ್ಟುಕೊಂಡು ಆ ಮನುಷ್ಯ ಕಾಲಿಗೆ ಬಿದ್ದು ಏನು ಕೇಳಿದ? "ಸ್ವಲ್ಪ ತಾಳ್ಮೆ ಇರಲಿ, ಎಲ್ಲಾ ತೀರಿಸುತ್ತೇನೆ." ನಲವತ್ತು ದಿನ ಒಪ್ಪೊತ್ತು ಮಾಡುತ್ತೇನೆ ಅನ್ನುವವರ ಮಾತೂ ಇದೇ. ಅರಸ ಟೈಮ್ ಕೊಡಲಿಲ್ಲ, ಸಾಲವನ್ನೇ ಬಿಟ್ಟುಬಿಟ್ಟ. ಆಳಿಗೆ ಅದು ಕಿವಿಗೇ ಬೀಳಲಿಲ್ಲ ಅನಿಸುತ್ತದೆ. ಹೊರಗೆ ಹೋದವನೇ ತನಗೆ 100 ದಿನಾರಿ ಕೊಡಬೇಕಿದ್ದವನ ಕುತ್ತಿಗೆ ಹಿಡಿದ. ತನ್ನ ಸಾಲ ಇನ್ನೂ ಇದೆ ಅಂದುಕೊಂಡವನು ತಾನೇ ಹಾಗೆ ವಸೂಲಿಗೆ ಇಳಿಯುವುದು?

ಉಪವಾಸ ಬೇಡ ಅಂತ ನಾನು ಹೇಳುತ್ತಿಲ್ಲ. ಉಪವಾಸ ಮನಸ್ಸನ್ನು ಹದ ಮಾಡುತ್ತದೆ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಮಾಡಬೇಕು. ನಾನು ಬೇಡ ಅನ್ನುವುದು ಅದನ್ನು ಕಂತು ಅಂದುಕೊಳ್ಳುವುದನ್ನು. ಹಾಗೆಯೇ ಕಾಯಿಲೆ, ಆಕ್ಸಿಡೆಂಟ್, ಮಕ್ಕಳಿಲ್ಲದ ದುಃಖ, ಇವನ್ನೆಲ್ಲ ದೇವರ ವಸೂಲಿ ಅಂದುಕೊಳ್ಳುವುದನ್ನು. ಹುಟ್ಟು ಕುರುಡನನ್ನು ತೋರಿಸಿ ಯಾರ ಪಾಪ ಇದು, ಇವನದಾ, ತಂದೆ ತಾಯಿಯದಾ ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ಅಲ್ಲ ಅಂದರು. ಯೋಹಾನ 9. ಆಸ್ಪತ್ರೆಯ ವಾರ್ಡಿನಲ್ಲಿ ಮಗುವಿನ ಪಕ್ಕ ಕೂತ ತಾಯಿಗೆ ನಾನು ಮೊದಲು ಓದುವ ವಚನ ಅದು.

ಎರಡು ವರ್ಷದ ಹಿಂದೆ ಒಬ್ಬರು ಬಂದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಬರೆಯುತ್ತಿದ್ದೇನೆ. ನಿವೃತ್ತರು, ಮರ್ಯಾದಸ್ಥರು. ದೇವಾಲಯಕ್ಕೆಲ್ಲ ಗ್ರಾನೈಟ್ ಹಾಕಿಸಿಕೊಡುತ್ತೇನೆ ಅಂದರು. ಕಮಿಟಿಯವರಿಗೆ ಖುಷಿಯೋ ಖುಷಿ. ಯಾಕೆ ಇದ್ದಕ್ಕಿದ್ದ ಹಾಗೆ ಎಂದು ನಾನು ಕೇಳಿದೆ. ಕಾಫಿ ಆರುವವರೆಗೂ ಸುಮ್ಮನಿದ್ದು ಆಮೇಲೆ ಹೇಳಿದರು. ತಂದೆ ಹೋದ ಮೇಲೆ ತಂಗಿಗೆ "ಸುಮ್ನೆ ಒಂದು ಸೈನ್" ಅಂತ ಹೇಳಿ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಂಡಿದ್ದರು. ತಂಗಿ ಅದಾದ ಮೇಲೆ ಆರು ವರ್ಷದಿಂದ ಮನೆಗೆ ಬಂದಿರಲಿಲ್ಲ.

ನಾನು ವಕೀಲನಲ್ಲ. ಆದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ವಿಲ್ ಇಲ್ಲದೆ ತೀರಿಕೊಂಡ ಕ್ರೈಸ್ತರ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು ಎನ್ನುವಷ್ಟು ಗೊತ್ತು. ಗ್ರಾನೈಟ್ ಬೇಡ ಅಂದೆ. "ದೇವರಿಗೆ ನೀವು ಕಟ್ಟಬೇಕಾದ ಬಾಕಿ ಏನೂ ಇಲ್ಲ. ತಂಗಿಗೆ ಇದೆ."

ಅವರಿಗೆ ಕೋಪ ಬಂತು. "ಶಿಲುಬೆಯಲ್ಲಿ ಎಲ್ಲಾ ತೀರಿತು ಅಂತ ವರ್ಷವರ್ಷ ನೀವೇ ಅಲ್ವಾ ಹೇಳೋದು?"

ಬೈಬಲ್ ತೆಗೆದು ಲೂಕ 19 ಓದಿಸಿದೆ. ತೆರಿಗೆ ವಸೂಲಿಯ ಜಕ್ಕಾಯ ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅಂದ. ಯಾವಾಗ ಅಂದ ನೋಡಿ. ಯೇಸು ಅವನ ಮನೆಗೆ ಬರುತ್ತೇನೆ ಅಂದಾಗ ಅವನು ಇನ್ನೂ ಒಂದು ಕಾಸೂ ಕೊಟ್ಟಿರಲಿಲ್ಲ. ಕೊಟ್ಟಿದ್ದರಿಂದ ಯೇಸು ಮನೆಗೆ ಬಂದದ್ದಲ್ಲ, ಯೇಸು ಬಂದದ್ದರಿಂದ ಕೈ ಬಿಚ್ಚಿತು. ದೇವರ ಲೆಕ್ಕ ತೀರಿದೆ ಎಂದು ಗೊತ್ತಾದವನಿಗೆ ಮನುಷ್ಯರ ಲೆಕ್ಕ ತೀರಿಸಲು ಭಯವಿರುವುದಿಲ್ಲ. ಕೊಟ್ಟರೆ ಬರಿಗೈ ಆಗುತ್ತೇನೆ ಎಂಬ ಹೆದರಿಕೆ ಅವನಿಗಿಲ್ಲ.

ಅವರು ಕಾಫಿ ಕುಡಿಯದೇ ಎದ್ದು ಹೋದರು. ಆರಾಧನೆಗೆ ಬರುವುದು ಬಿಡಲಿಲ್ಲ, ಆದರೆ ಬಾಗಿಲಲ್ಲಿ ನನಗೆ ಕೈ ಕೊಡದೆ ಇನ್ನೊಂದು ಕಡೆಯಿಂದ ಹೋಗುತ್ತಿದ್ದರು. ಈ ವರ್ಷ ಶುಭ ಶುಕ್ರವಾರ ಎಲ್ಲರೂ ಹೋದ ಮೇಲೂ ಕೊನೆಯ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು. ನಾನು ಹತ್ತಿರ ಹೋದೆ.

"ನಿನ್ನೆ ರಾತ್ರಿ ತಂಗಿಗೆ ಫೋನ್ ಮಾಡಿದೆ ಪಾಸ್ಟರ್. ಪತ್ರದ ವಿಷಯ ಹೇಳೋಣ ಅಂತಿದ್ದೆ, ಬಾಯಿ ಬರಲಿಲ್ಲ."

"ಅವರು ಏನಂದರು?"

"ಊಟ ಆಯ್ತಾ ಅಣ್ಣ ಅಂತ ಕೇಳಿದಳು."