ಫ್ಲೋಟಿಂಗ್ ನ್ಯೂಟ್ರಲ್: ಹಳೆಯ ಜನರೇಟರನ್ನು ಮನೆಗೆ ಜೋಡಿಸುವ ಮುನ್ನ

ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಿರುವುದು ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿಮನೆಗಳಿಗೆ ಹೊಸದಲ್ಲ. ಆಗ ಕೊಟ್ಟಿಗೆಯ ಮೂಲೆಯಲ್ಲಿದ್ದ ಹಳೆಯ ಜನರೇಟರ್ ಹೊರಬರುತ್ತದೆ. ಅದರ ಸಾಕೆಟ್ಟಿಗೆ ಟೆಸ್ಟರ್ ಹಿಡಿದರೆ ಎಷ್ಟೋ ಸಲ ಎರಡೂ ತೂತುಗಳಲ್ಲಿ ಮಂಕಾಗಿ ದೀಪ ಹತ್ತುತ್ತದೆ. ಯಂತ್ರ ಕೆಟ್ಟಿಲ್ಲ. ಅದರ ನ್ಯೂಟ್ರಲ್, ಅಂದರೆ ಕರೆಂಟ್ ಮರಳುವ ತಂತಿ, ಎಲ್ಲಿಯೂ ನೆಲೆ ನಿಂತಿಲ್ಲ, ಅಷ್ಟೆ. ಇದಕ್ಕೇ ಫ್ಲೋಟಿಂಗ್ ನ್ಯೂಟ್ರಲ್ ಎನ್ನುವುದು.

ಮನೆಗೆ ಬರುವ ಮಾಮೂಲಿ ವಿದ್ಯುತ್ತಿನ ನ್ಯೂಟ್ರಲ್ ಊರಿನ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಬುಡದಲ್ಲೇ ಭೂಮಿಗೆ ಸೇರಿರುತ್ತದೆ. ಹಾಗಾಗಿ ಅದು ನೆಲಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಸೊನ್ನೆ ವೋಲ್ಟ್, ಕರೆಂಟ್ ತರುವ ತಂತಿಯಾದ ಫೇಸ್ 230 ವೋಲ್ಟ್. ಸಣ್ಣ ಜನರೇಟರಿನಲ್ಲಿ ಸುರುಳಿಯ ಎರಡು ತುದಿಗಳ ನಡುವೆಯೂ 230 ವೋಲ್ಟ್ ಇರುತ್ತದೆ, ಆದರೆ ಯಾವ ತುದಿಯೂ ಯಂತ್ರದ ಕಬ್ಬಿಣಕ್ಕಾಗಲೀ ನೆಲಕ್ಕಾಗಲೀ ಸೇರಿರುವುದಿಲ್ಲ. ತಯಾರಕರು ಬೇಕೆಂದೇ ಹೀಗೆ ಮಾಡುತ್ತಾರೆ. ಒಂದೇ ಒಂದು ಡ್ರಿಲ್ಲನ್ನೋ ದೀಪವನ್ನೋ ನೇರವಾಗಿ ಸಿಕ್ಕಿಸಿ ಬಳಸುವಾಗ ಒಂದು ತಂತಿ ಮೈಗೆ ತಗುಲಿದರೂ ಕರೆಂಟಿಗೆ ಮರಳುವ ದಾರಿ ಇರುವುದಿಲ್ಲ.

ಇಡೀ ಮನೆಯ ವೈರಿಂಗಿಗೆ ಜೋಡಿಸಿದಾಗ ಈ ಅನುಕೂಲವೇ ತಿರುಗಿ ಬೀಳುತ್ತದೆ. ಗ್ರೈಂಡರಿನ ಮೈಗೆ ಒಂದು ತಂತಿ ತಾಗಿದರೂ ಏನೂ ಆಗುವುದಿಲ್ಲ, ಯಾವ ಸ್ವಿಚ್ಚೂ ಬೀಳುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ಮುಂದೊಂದು ದಿನ ಬಾವಿಯ ಪಂಪಿನಲ್ಲಿ ಇನ್ನೊಂದು ತಂತಿ ಸೋರಿದಾಗ ನಡುವೆ ನಿಂತವರಿಗೆ ಶಾಕ್ ಹೊಡೆಯುತ್ತದೆ. ಮಳೆಗಾಲದ ತೇವದಲ್ಲಿ ಮಲಗಿದ್ದ, ಇಲಿ ಕಡಿದ ಯಂತ್ರಕ್ಕೆ ಇದು ದೂರದ ಮಾತಲ್ಲ. ಚಾಲೂ ಮಾಡುವ ಮೊದಲು ಸುರುಳಿಯ ಇನ್ಸುಲೇಷನ್ನನ್ನು ಮೆಗ್ಗರಿನಲ್ಲಿ (ಇನ್ಸುಲೇಷನ್ ಅಳೆಯುವ ಮೀಟರಿನಲ್ಲಿ) ನೋಡಿಸಿ. ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ಮೊದಲು ಒಣಗಿಸಬೇಕು.

‘ಅರ್ಥಿಂಗ್ ಮಾಡಿದ್ದೇವಲ್ಲ’ ಎನ್ನುವವರೇ ಹೆಚ್ಚು. ಜನರೇಟರಿನ ಪಕ್ಕ ಒಂದು ಸರಳು ಹೊಡೆದು ತಂತಿ ಸುತ್ತಿರುತ್ತಾರೆ. ನ್ಯೂಟ್ರಲ್ ತೇಲುತ್ತಿರುವ ತನಕ ಆ ಸರಳು ಬಹುಮಟ್ಟಿಗೆ ಅಲಂಕಾರ. ನ್ಯೂಟ್ರಲ್ಲನ್ನು ಜೋಡಿಸಿದ ಮೇಲೂ ಮಣ್ಣನ್ನೇ ನಂಬುವಂತಿಲ್ಲ. ಜಂಬಿಟ್ಟಿಗೆ ನೆಲದಲ್ಲಿ ಸರಳಿನ ರೋಧ 50 ಓಮ್ ಇದೆ ಎಂದುಕೊಳ್ಳಿ, 230 ವೋಲ್ಟಿಗೆ ಹರಿಯುವುದು 4.6 ಆಂಪಿಯರ್. ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್ಚಾದ 16 ಆಂಪಿಯರಿನ ಎಂಸಿಬಿ ಅದನ್ನು ಗಮನಿಸುವುದೂ ಇಲ್ಲ. ಬೇಸಿಗೆಯಲ್ಲಿ ನೆಲ ಒಣಗಿದರೆ ಇನ್ನೂ ಕಷ್ಟ. ಬಚ್ಚಲ ನೀರು ಹರಿಯುವಲ್ಲಿ ಅರ್ಥ್ ಗುಂಡಿ ತೋಡುವುದು ಜಾಣತನವೇ, ಆದರೆ ಅದೊಂದರಿಂದಲೇ ಜೀವ ಉಳಿಯುವುದಿಲ್ಲ.

ಉಳಿಸುವುದು ಮೂರು ಸೇರಿದಾಗ. ಜನರೇಟರಿನಲ್ಲಿ ನ್ಯೂಟ್ರಲ್ ಮತ್ತು ಚೌಕಟ್ಟಿನ ನಡುವೆ ಒಂದು ತಾಮ್ರದ ಜೋಡಣೆ, ಆ ಚೌಕಟ್ಟಿನಿಂದ ಮನೆಯ ಅರ್ಥ್ ವೈರಿಗೆ ತಾಮ್ರದ್ದೇ ದಾರಿ, ಜೊತೆಗೆ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ಚಾದ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಆಗ ಸೋರಿದ ಕರೆಂಟ್ ಮಣ್ಣನ್ನು ನಂಬದೆ ತಂತಿಯಲ್ಲೇ ಮರಳುತ್ತದೆ, ಸ್ವಿಚ್ ಬೀಳುತ್ತದೆ. ಜೋಡಣೆ ಒಂದೇ ಕಡೆ ಇರಬೇಕು, ಆರ್‌ಸಿಸಿಬಿಗಿಂತ ಮೊದಲೇ ಇರಬೇಕು. ಕೆಲವು ಯಂತ್ರಗಳಲ್ಲಿ ಅದು ಮೊದಲೇ ಇರುತ್ತದೆ, ಇನ್ವರ್ಟರ್ ಮಾದರಿಯ ಕೆಲವದರಲ್ಲಿ ಮಾಡಲೇಬಾರದು. ಕೈಪಿಡಿ ಕಳೆದಿದ್ದರೆ ರಿಪೇರಿ ಬಲ್ಲವರನ್ನು ಕೇಳಿ.

ಇದಕ್ಕೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಲೈನಿನಿಂದ ಜನರೇಟರಿಗೆ ಬದಲಿಸುವ ಎರಡು ಪೋಲಿನ ಚೇಂಜ್‌ಓವರ್ ಸ್ವಿಚ್ ಬೇಕು. ಫೇಸನ್ನು ಮಾತ್ರ ಬದಲಿಸುವ ಅಗ್ಗದ ಸ್ವಿಚ್ಚಿನಲ್ಲಿ ಜನರೇಟರಿನ ನ್ಯೂಟ್ರಲ್ ವಿದ್ಯುತ್ ಕಂಪನಿ ಮೆಸ್ಕಾಂನ ಲೈನಿಗೆ ಅಂಟಿಕೊಂಡೇ ಇರುತ್ತದೆ. ಇನ್ನು ಎರಡೂ ತುದಿಗೆ ಪಿನ್ ಇರುವ ವೈರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚುವವರ ಬಗ್ಗೆ ನನಗೆ ತಾಳ್ಮೆ ಇಲ್ಲ. ಮೇನ್ ಸ್ವಿಚ್ ಆರಿಸಲು ಮರೆತರೆ ಕರೆಂಟ್ ಹಿಮ್ಮುಖವಾಗಿ ಟಿಸಿಗೆ ಹೋಗುತ್ತದೆ. ಟಿಸಿ ಅದನ್ನು ಹನ್ನೊಂದು ಸಾವಿರ ವೋಲ್ಟಿನ ತಂತಿಯ ಕಡೆ ಏರಿಸಿ ಕಳಿಸುತ್ತದೆ, ಕಂಬದ ಮೇಲಿರುವ ಲೈನ್‌ಮನ್ ಲೈನ್ ಸತ್ತಿದೆ ಎಂದೇ ಮುಟ್ಟುತ್ತಾನೆ.

ಕೆಲಸ ಮುಗಿದ ಮೇಲೆ ಟೆಸ್ಟರ್ ಒಂದೇ ತೂತಿನಲ್ಲಿ ಉರಿಯಬೇಕು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದಾಗ ಅದು ಬಿದ್ದಿತೆಂದು ಸಮಾಧಾನಪಡಬೇಡಿ. ಆ ಬಟನ್ ಫೇಸಿನಿಂದ ನ್ಯೂಟ್ರಲ್ಲಿಗೆ ಒಳಗೊಳಗೇ ಸ್ವಲ್ಪ ಕರೆಂಟ್ ಹಾಯಿಸುತ್ತದೆ, ಭೂಮಿಯ ಗೊಡವೆಗೇ ಹೋಗುವುದಿಲ್ಲ. ನ್ಯೂಟ್ರಲ್ ತೇಲುತ್ತಿದ್ದರೂ ಸ್ವಿಚ್ ಬಿದ್ದೇ ಬೀಳುತ್ತದೆ. ಫೇಸ್ ಮತ್ತು ಅರ್ಥ್ ನಡುವೆ ಆರ್‌ಸಿಸಿಬಿ ಟೆಸ್ಟರ್ ಹಾಕಿ ನೋಡುವ ಎಲೆಕ್ಟ್ರಿಷಿಯನ್ನನ್ನೇ ಕರೆಸಿ.